ಮೈಕಟ್ಟಿನ ಪರೀಕ್ಷೆಗೆ ಹೊರಟ ಕೆಲಸದ ನಾಯಿ

ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದ ಶಾಸನಗಳಲ್ಲಿ ಒಂದು ವಿಶೇಷವಾದ ಕಲ್ಲಿದೆ. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನಿಂದ ಬಂದದ್ದು. ಕಾಲ ಕ್ರಿ.ಶ. 949-50. ರಾಷ್ಟ್ರಕೂಟರ ಮೂರನೆಯ ಕೃಷ್ಣ ಮತ್ತು ಗಂಗರ ಇಮ್ಮಡಿ ಬೂತುಗ ಸೇರಿ ತಕ್ಕೋಲಂನಲ್ಲಿ ಚೋಳರನ್ನು ಸೋಲಿಸಿದ ಸಂಗತಿ ಅದರಲ್ಲಿದೆ. ಆದರೆ ಕಲ್ಲು ನೆಟ್ಟಿದ್ದು ಆ ಯುದ್ಧಕ್ಕಾಗಿ ಅಲ್ಲ, ಒಂದು ನಾಯಿಗಾಗಿ. ಯುದ್ಧದಲ್ಲಿ ಮೆರೆದ ಮಣಲೇರ ಎಂಬ ವೀರನಿಗೆ ಒಡೆಯ ಏನು ಬೇಕೆಂದು ಕೇಳಿದಾಗ ಆತ ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಆ ಕಾಳಿ ದೊಡ್ಡದೊಂದು ಕಾಡುಹಂದಿಯ ಮೇಲೆ ಬಿದ್ದು ಹೋರಾಡಿ, ಹಂದಿಯನ್ನು ಕೊಂದು ತಾನೂ ಸತ್ತಿತು. ನಾಯಿಯೂ ಹಂದಿಯೂ ಸೆಣಸುವ ಚಿತ್ರವನ್ನು ಕೆತ್ತಿಸಿ ಕಲ್ಲು ನಿಲ್ಲಿಸಿದರು. ಅದರ ಪೂಜೆಗೆ ಭೂಮಿಯನ್ನೂ ಬಿಟ್ಟರು.

ಕಾಳಿಯ ಎತ್ತರ ಎಷ್ಟಿತ್ತು, ಬಣ್ಣ ಯಾವುದು, ಹಲ್ಲುಗಳು ಸರಿಯಾಗಿ ಕೂಡುತ್ತಿದ್ದವೇ ಎಂಬುದನ್ನು ಶಾಸನ ಬರೆದವರು ಹೇಳಲಿಲ್ಲ. ಅವರಿಗೆ ಅದು ಬೇಕಾಗಿಯೂ ಇರಲಿಲ್ಲ. ಅದು ಏನು ಮಾಡಿತು ಎಂಬುದಷ್ಟೇ ಅವರಿಗೆ ಮುಖ್ಯವಾಗಿತ್ತು.

ಆ ಕಲ್ಲಿನಿಂದ ಕೆಲವೇ ಕಿಲೋಮೀಟರ್ ದೂರದ ಅರಮನೆ ಮೈದಾನದಂತಹ ಜಾಗಗಳಲ್ಲಿ ಶ್ವಾನ ಪ್ರದರ್ಶನ ನಡೆಯುವಾಗ ಇದಕ್ಕೆ ತೀರ ಬೇರೆಯಾದ ಲೆಕ್ಕಾಚಾರ ನಡೆಯುತ್ತದೆ. ಅಲ್ಲಿ ನಾಯಿ ಏನನ್ನೂ ಹಿಡಿಯಬೇಕಿಲ್ಲ, ಕಾಯಬೇಕಿಲ್ಲ. ನೆಟ್ಟಗೆ ನಿಲ್ಲಬೇಕು, ಅಂದವಾಗಿ ಓಡಬೇಕು, ಅಪರಿಚಿತರೊಬ್ಬರು ಬಾಯಿ ಬಿಡಿಸಿ ಹಲ್ಲು ನೋಡಿದರೆ ಸುಮ್ಮನಿರಬೇಕು. ಇದನ್ನು ಮೈಕಟ್ಟಿನ ಸ್ಪರ್ಧೆ ಎನ್ನಬಹುದು. ಈ ಸ್ಪರ್ಧೆಗೆ ಸೊಗಸಿಗಾಗಿ ಬೆಳೆಸಿದ ನಾಯಿಯನ್ನಲ್ಲದೆ, ಕೆಲಸಕ್ಕಾಗಿಯೇ ಬೆಳೆಸಿದ ಎಳೆಯ ಡಾಬರ್‌ಮನ್ ಒಂದನ್ನು ತಯಾರು ಮಾಡಬೇಕೆಂದರೆ ಏನೆಲ್ಲ ಆಗಬೇಕು? ಇದು ಕೇವಲ ಶೋಕಿಯ ಪ್ರಶ್ನೆಯಲ್ಲ. ಒಂದು ಪ್ರಾಣಿಯ ಬೆಲೆಯನ್ನು ನಾವು ಯಾವುದರಿಂದ ಅಳೆಯುತ್ತೇವೆ ಎಂಬ ಪ್ರಶ್ನೆಯೂ ಇದರೊಳಗಿದೆ.

ದಂಡಿಗೆ ಬಂದ ಹವ್ಯಾಸ

ನಾಯಿಗಳನ್ನು ಸಾಲಾಗಿ ನಿಲ್ಲಿಸಿ ಬಹುಮಾನ ಕೊಡುವ ಪದ್ಧತಿ ಇಂಗ್ಲೆಂಡಿನದು. 1859ರಲ್ಲಿ ನ್ಯೂಕ್ಯಾಸಲ್ ಪಟ್ಟಣದಲ್ಲಿ ನಡೆದದ್ದನ್ನು ಮೊದಲ ಸಂಘಟಿತ ಶ್ವಾನ ಪ್ರದರ್ಶನವೆಂದು ಗುರುತಿಸುತ್ತಾರೆ. ಅಲ್ಲಿ ಸ್ಪರ್ಧಿಸಿದ್ದು ಬೇಟೆಯ ಪಾಯಿಂಟರ್ ಮತ್ತು ಸೆಟ್ಟರ್ ನಾಯಿಗಳು ಮಾತ್ರ. ಲಂಡನ್ನಿನ ಕೆನಲ್ ಕ್ಲಬ್ ಹುಟ್ಟಿದ್ದು 1873ರಲ್ಲಿ. ಕೆನಲ್ ಕ್ಲಬ್ ಆಫ್ ಇಂಡಿಯಾ ತನ್ನ ಆರಂಭವನ್ನು 1896ಕ್ಕೆ ಒಯ್ಯುತ್ತದೆ. ಇಂದು ಅದರ ಕೇಂದ್ರ ಚೆನ್ನೈನಲ್ಲಿದೆ. ಯೂರೋಪಿನ ದೇಶಗಳು ಸೇರಿ 1911ರಲ್ಲಿ ಕಟ್ಟಿದ ಎಫ್‌ಸಿಐ ಎಂಬ ಒಕ್ಕೂಟ ತಳಿಗಳ ಲಕ್ಷಣಗಳನ್ನು ಗ್ರಂಥಸ್ಥಗೊಳಿಸಿದೆ.

ಬೆಂಗಳೂರಿನಲ್ಲಿ 1809ರಲ್ಲಿ ದಂಡು ಪ್ರದೇಶ ನೆಲೆಗೊಂಡಿತು. ಬ್ರಿಟಿಷ್ ಅಧಿಕಾರಿಗಳ ಬಂಗಲೆಗಳ ಜತೆಗೆ ವಿಲಾಯತಿ ನಾಯಿಗಳೂ ಈ ಊರಿಗೆ ಬಂದವು. ಹಲಸೂರು ಕೆರೆಯ ದಡದ ಮದ್ರಾಸ್ ಸ್ಯಾಪರ್ಸ್ ಕೇಂದ್ರದಿಂದ ಹಿಡಿದು ಇಂದಿರಾನಗರದ ಡಿಫೆನ್ಸ್ ಕಾಲೊನಿಯವರೆಗೆ ಸೈನ್ಯದ ಕುಟುಂಬಗಳು ಹರಡಿಕೊಂಡಿರುವ ಭಾಗ ಇದು. ಜಾತಿನಾಯಿ ಸಾಕುವ ರೂಢಿ ಇಲ್ಲಿ ತಲೆಮಾರುಗಳದ್ದು. ಮೈಸೂರು ಕೆನಲ್ ಕ್ಲಬ್, ಸಿಲಿಕಾನ್ ಸಿಟಿ ಕೆನಲ್ ಕ್ಲಬ್‌ನಂತಹ ಸಂಸ್ಥೆಗಳು ನಗರದಲ್ಲಿ ಪ್ರದರ್ಶನಗಳನ್ನು ನಡೆಸುತ್ತ ಬಂದಿವೆ.

ಕರ ವಸೂಲಿಗಾರನ ನಾಯಿ

ಹೆಚ್ಚಿನ ನಾಯಿತಳಿಗಳಿಗೆ ಊರಿನ ಹೆಸರೋ ಕೆಲಸದ ಹೆಸರೋ ಇರುತ್ತದೆ. ಡಾಬರ್‌ಮನ್‌ಗೆ ಇರುವುದು ಒಬ್ಬ ಮನುಷ್ಯನ ಹೆಸರು. ಜರ್ಮನಿಯ ಅಪೋಲ್ಡಾ ಪಟ್ಟಣದ ಲೂಯಿ ಡಾಬರ್‌ಮನ್ ಕರ ವಸೂಲಿಗಾರನಾಗಿದ್ದ. ಬೀದಿನಾಯಿಗಳನ್ನು ಹಿಡಿದಿಡುವ ದೊಡ್ಡಿಯ ಉಸ್ತುವಾರಿಯೂ ಅವನದೇ. ಹಣದ ಚೀಲ ಹೊತ್ತು ಓಡಾಡುವವನಿಗೆ ಕಾವಲು ಬೇಕು. ಕೈಗೆ ಬೇಕಾದಷ್ಟು ನಾಯಿಗಳೂ ಇದ್ದವು. ಚುರುಕು, ಧೈರ್ಯ, ಒಡೆಯನ ಮೇಲೆ ನಿಷ್ಠೆ ಇವುಗಳನ್ನೇ ನೋಡಿ ಆತ ಜೋಡಿ ಕೂಡಿಸುತ್ತ ಹೋದ. ಅವನು 1894ರಲ್ಲಿ ತೀರಿಕೊಂಡ. ನಂತರ ಓಟ್ಟೊ ಗೋಲರ್ ಮುಂತಾದವರು ತಳಿಯನ್ನು ತಿದ್ದಿ 1899ರಲ್ಲಿ ಅದೇ ಊರಿನಲ್ಲಿ ಸಂಘ ಕಟ್ಟಿದರು.

ಅಂದರೆ ಈ ನಾಯಿ ಹುಟ್ಟಿದ್ದೇ ಕೆಲಸಕ್ಕೆ. ರೂಪ ಬಂದದ್ದು ಆಮೇಲೆ. ಆದರೆ ಪ್ರದರ್ಶನಗಳು ಬೆಳೆದಂತೆ ತಳಿ ಎರಡು ಕವಲಾಯಿತು. ಒಂದು, ರಿಂಗಿನಲ್ಲಿ ಗೆದ್ದ ನಾಯಿಗಳ ಸಂತಾನ: ಎದೆ ತುಂಬಿದ, ಮೂಳೆ ದಪ್ಪವಾದ, ಕತ್ತು ಕಮಾನಿನಂತಿರುವ ನಾಯಿ. ಇನ್ನೊಂದು, ಪೊಲೀಸ್ ಕೆಲಸದಲ್ಲೋ ಐಜಿಪಿ ಎಂಬ ಕ್ರೀಡೆಯಲ್ಲೋ ಗೆದ್ದ ನಾಯಿಗಳ ಸಂತಾನ. ವಾಸನೆ ಹಿಡಿಯುವುದು, ವಿಧೇಯತೆ, ರಕ್ಷಣೆ ಈ ಮೂರು ಭಾಗಗಳ ಕ್ರೀಡೆ ಅದು. ಈ ಕವಲಿನ ನಾಯಿಗಳು ಸಾಮಾನ್ಯವಾಗಿ ಮೈಯಲ್ಲಿ ತುಸು ಹಗುರ. ಸುಮ್ಮನೆ ಕೂರಲಾರವು. ಚೆಂಡು ಕಂಡರೆ ಜಗತ್ತನ್ನೇ ಮರೆಯುತ್ತವೆ.

ರಿಂಗಿನಲ್ಲಿ ನೋಡುವುದೇನು?

ತೀರ್ಪುಗಾರ ಒಂದು ನಾಯಿಯನ್ನು ಪಕ್ಕದ ನಾಯಿಗೆ ಹೋಲಿಸುತ್ತಾನೆಂದು ನಾವು ತಿಳಿದಿದ್ದೇವೆ. ನಿಯಮದ ಪ್ರಕಾರ ಹಾಗಲ್ಲ. ಪ್ರತಿ ನಾಯಿಯನ್ನೂ ತಳಿಯ ಲಿಖಿತ ಲಕ್ಷಣದೊಂದಿಗೆ ಹೋಲಿಸಬೇಕು. ಎಫ್‌ಸಿಐ ಪಟ್ಟಿಯಲ್ಲಿ ಡಾಬರ್‌ಮನ್ ಲಕ್ಷಣದ ಸಂಖ್ಯೆ 143. ಅದರಂತೆ ಗಂಡಿನ ಎತ್ತರ ಭುಜದ ಬಳಿ 68ರಿಂದ 72 ಸೆಂ.ಮೀ., ಹೆಣ್ಣಿನದು 63ರಿಂದ 68. ತೂಕ ಗಂಡಿಗೆ 40ರಿಂದ 45 ಕೆ.ಜಿ., ಹೆಣ್ಣಿಗೆ 32ರಿಂದ 35. ಪಕ್ಕದಿಂದ ನೋಡಿದರೆ ದೇಹ ಬಹುಮಟ್ಟಿಗೆ ಚೌಕವಾಗಿ ಕಾಣಬೇಕು; ಉದ್ದವು ಎತ್ತರಕ್ಕಿಂತ ಗಂಡಿನಲ್ಲಿ ಶೇ. 5, ಹೆಣ್ಣಿನಲ್ಲಿ ಶೇ. 10ಕ್ಕಿಂತ ಹೆಚ್ಚಿರಬಾರದು. ಹಲ್ಲು 42, ಕತ್ತರಿಯಂತೆ ಕೂಡಬೇಕು. ಬಣ್ಣ ಕಪ್ಪು ಅಥವಾ ಕಂದು, ಅದರ ಮೇಲೆ ತುಕ್ಕುಗೆಂಪಿನ ಗುರುತುಗಳು.

ಇಷ್ಟರಲ್ಲಿ ಓದುಗರು ಗಮನಿಸಬೇಕಾದ ಒಂದು ಮಾತಿದೆ. ಅದೇ ಲಕ್ಷಣದಲ್ಲಿ ಸ್ವಭಾವವೂ ಸೇರಿದೆ. ಡಾಬರ್‌ಮನ್ ಸ್ನೇಹಶೀಲವಾಗಿ, ಶಾಂತವಾಗಿ, ಮನೆಯವರಿಗೆ ಅಂಟಿಕೊಂಡು ಇರಬೇಕು. ಹೆದರಿಕೊಳ್ಳುವ ನಾಯಿಯನ್ನೂ ಮೈಮೇಲೆ ಬೀಳುವ ನಾಯಿಯನ್ನೂ ರಿಂಗಿನಿಂದ ಹೊರಗೆ ಕಳಿಸಲು ಅವಕಾಶವಿದೆ. ಕೆಲಸದ ಕವಲಿನ ನಾಯಿಗೆ ಮೈಕಟ್ಟಿನಲ್ಲಿ ಕೆಲವು ಅಂಕ ಕಡಿಮೆಯಾದರೂ ಗಟ್ಟಿ ಮನಸ್ಸು ಅದರ ಬಂಡವಾಳ.

ಎಳೆಯ ನಾಯಿಯ ಪಾಠ

ಹಲಸೂರಿನ ಓಣಿಯೊಂದರಲ್ಲಿ ಒಬ್ಬ ಯುವಕ ಇಂತಹ ಹೆಣ್ಣುಮರಿಯೊಂದನ್ನು ಸಾಕುತ್ತಿದ್ದಾನೆ ಎಂದಿಟ್ಟುಕೊಳ್ಳೋಣ. ಅವನ ಮುಂದಿನ ದಾರಿ ಹೇಗಿರುತ್ತದೆ?

ಮೊದಲನೆಯದು ಕಾಗದಪತ್ರ. ನಾಯಿಯ ವಂಶಾವಳಿ ಕೆನಲ್ ಕ್ಲಬ್‌ನಲ್ಲಿ ನೋಂದಣಿಯಾಗಿರಬೇಕು. ಗುರುತಿಗೆ ಚರ್ಮದ ಕೆಳಗೆ ಅಕ್ಕಿಕಾಳಿನಷ್ಟು ಮೈಕ್ರೊಚಿಪ್ ಇರಬೇಕು. ಡಿಸ್ಟೆಂಪರ್, ಪಾರ್ವೊ, ಹುಚ್ಚುನಾಯಿ ರೋಗದ ಚುಚ್ಚುಮದ್ದುಗಳು ಸಮಯಕ್ಕೆ ಸರಿಯಾಗಿ ಆಗಿರಬೇಕು. ನೂರಾರು ನಾಯಿಗಳು ಸೇರುವ ಮೈದಾನಕ್ಕೆ ಮದ್ದು ಹಾಕಿಸದ ಮರಿಯನ್ನು ಒಯ್ಯುವುದು ಅದನ್ನು ಕೈಯಾರೆ ಕೊಂದಂತೆ. ಬೆಂಗಳೂರಿನಲ್ಲಿ ಉಣ್ಣೆಯಿಂದ ಹರಡುವ ಜ್ವರವೂ ಸಾಮಾನ್ಯ; ಮೈದಾನದಿಂದ ಬಂದ ಮೇಲೆ ಕಾಲ್ಬೆರಳ ಸಂದು, ಕಿವಿಯ ಒಳಗೆ ಬೆರಳಾಡಿಸಿ ನೋಡುವುದು ಒಳ್ಳೆಯದು.

ಎರಡನೆಯದು ಊರಿನ ಪರಿಚಯ. ಕೆ.ಆರ್. ಪುರದ ಕಡೆಯ ದೊಡ್ಡ ಕಾಂಪೌಂಡಿನಲ್ಲಿ ಒಂಟಿಯಾಗಿ ಬೆಳೆದ ಮರಿ ಧ್ವನಿವರ್ಧಕದ ಗದ್ದಲಕ್ಕೆ ಬಾಲ ಮುದುರುತ್ತದೆ. ಶಿವಾಜಿನಗರದ ಬಸ್ ನಿಲ್ದಾಣದ ಅಂಚಿನಲ್ಲಿ, ರಸೆಲ್ ಮಾರುಕಟ್ಟೆಯ ಹೊರಗೆ, ಭಾನುವಾರದ ಹೊತ್ತು ಕೆರೆಯ ಬದಿಯಲ್ಲಿ ದಿನಕ್ಕೆ ಹತ್ತು ನಿಮಿಷ ನಿಲ್ಲಿಸಿದರೂ ಸಾಕು. ಮರಿಯನ್ನು ಗದ್ದಲದ ನಡುವೆ ಎಳೆದೊಯ್ಯಬಾರದು. ಅದು ದೂರದಿಂದ ನೋಡಿ, ಕೇಳಿ, ಇದೇನೂ ಅಪಾಯವಲ್ಲ ಎಂದು ತಾನೇ ತೀರ್ಮಾನಿಸಬೇಕು.

ಮೂರನೆಯದು ನಿಲ್ಲುವುದು. ಇದನ್ನು ಸ್ಟ್ಯಾಕಿಂಗ್ ಎನ್ನುತ್ತಾರೆ. ಮುಂಗಾಲುಗಳು ಭುಜದಿಂದ ನೇರವಾಗಿ ಕೆಳಗಿಳಿದಿರಬೇಕು. ಹಿಂಗಾಲಿನ ಹಿಮ್ಮಡಿಯಿಂದ ಪಾದದವರೆಗಿನ ಭಾಗ ನೆಲಕ್ಕೆ ಲಂಬವಾಗಿರಬೇಕು. ತಲೆ ಎತ್ತಿರಬೇಕು. ಮೊದಲ ದಿನ ಐದು ಸೆಕೆಂಡು ನಿಂತರೆ ಬೇಯಿಸಿದ ಕೋಳಿ ಲಿವರ್‌ನ ಒಂದು ಚೂರು, ಒಂದು ಶಭಾಷ್. ಹೀಗೆ ದಿನಕ್ಕೆ ಕೆಲವು ನಿಮಿಷ ಮಾಡುತ್ತ ಹೋದರೆ ಕೆಲವು ವಾರಗಳಲ್ಲಿ ಎರಡು ನಿಮಿಷ ನಿಲ್ಲುವುದು ಅಭ್ಯಾಸವಾಗುತ್ತದೆ. ಜತೆಗೆ ಮನೆಗೆ ಬಂದ ನೆಂಟರಿಷ್ಟರಿಂದ ಬೆನ್ನು ಮುಟ್ಟಿಸಿ, ತುಟಿ ಎತ್ತಿಸಿ ಹಲ್ಲು ತೋರಿಸುವ ರೂಢಿ ಮಾಡಬೇಕು. ನಾಲ್ಕರಿಂದ ಆರು ತಿಂಗಳವರೆಗೆ ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರುವ ಕಾಲ. ಆಗ ಒಸಡು ನೋಯುತ್ತಿರುತ್ತದೆ. ಬಲವಂತ ಮಾಡಿದರೆ ಬಾಯಿಗೆ ಕೈ ತಂದವರೆಲ್ಲ ಶತ್ರುಗಳೆಂದು ಅದು ಕಲಿಯುತ್ತದೆ.

ನಾಲ್ಕನೆಯದು ಓಟ. ರಿಂಗಿನಲ್ಲಿ ನಾಯಿ ಹ್ಯಾಂಡ್ಲರನ ಎಡಕ್ಕಿದ್ದು, ಸಾಮಾನ್ಯವಾಗಿ ಗಡಿಯಾರದ ಮುಳ್ಳಿಗೆ ವಿರುದ್ಧ ದಿಕ್ಕಿನಲ್ಲಿ ಸುತ್ತುತ್ತದೆ. ಆಮೇಲೆ ತೀರ್ಪುಗಾರರಿಂದ ದೂರಕ್ಕೆ ಹೋಗಿ ನೇರವಾಗಿ ಮರಳಬೇಕು. ಬೇಕಾದ ಗತಿ ಟ್ರಾಟ್: ಒಂದು ಬದಿಯ ಮುಂಗಾಲು, ಇನ್ನೊಂದು ಬದಿಯ ಹಿಂಗಾಲು ಒಟ್ಟಿಗೆ ಏಳುವ ಓಟ. ಒಂದೇ ಬದಿಯ ಎರಡೂ ಕಾಲು ಒಟ್ಟಿಗೆ ಎತ್ತಿದರೆ ಅದು ದೋಷ. ನಾಯಿಗಿಂತ ಮೊದಲು ಮನುಷ್ಯ ಓಡುವುದನ್ನು ಕಲಿಯಬೇಕೆಂದು ಅನುಭವಿಗಳು ಹೇಳುವುದು ಇದಕ್ಕೇ. ಹ್ಯಾಂಡ್ಲರನ ವೇಗ ತಪ್ಪಿದರೆ ನಾಯಿಯ ಕಾಲೂ ತಪ್ಪುತ್ತದೆ.

ಕಲಿತದ್ದೇ ಅಡ್ಡಿಯಾದಾಗ

ಕೆಲಸದ ಕವಲಿನ ನಾಯಿಗೆ ಇಲ್ಲೊಂದು ವಿಚಿತ್ರ ತೊಡಕಿದೆ. ವಿಧೇಯತೆಯ ಪಾಠದಲ್ಲಿ ಅದಕ್ಕೆ ಕಲಿಸಿರುವುದೇನು? ಒಡೆಯನ ಎಡಮೊಣಕಾಲಿಗೆ ಅಂಟಿಕೊಂಡು, ತಲೆಯೆತ್ತಿ ಮುಖವನ್ನೇ ನೋಡುತ್ತ ನಡೆ. ನಿಂತ ಕೂಡಲೇ ಕುಳಿತುಕೋ. ರಿಂಗಿನಲ್ಲಿ ಇವೆಲ್ಲ ತಪ್ಪು. ಮುಖ ನೋಡುತ್ತ ಓಡುವ ನಾಯಿಯ ಬೆನ್ನು ಓರೆಯಾಗಿ ಹಿಂಗಾಲು ಪಕ್ಕಕ್ಕೆ ಸರಿದು ಏಡಿಯಂತೆ ಓಡುತ್ತದೆ. ನಿಂತ ಕೂಡಲೇ ಕುಳಿತರೆ ತೀರ್ಪುಗಾರರಿಗೆ ನೋಡಲು ಏನೂ ಉಳಿಯುವುದಿಲ್ಲ. ಅಂದರೆ ಜಾಣ ವಿದ್ಯಾರ್ಥಿ ಇನ್ನೊಂದು ಶಾಲೆಯ ಉತ್ತರವನ್ನು ಇಲ್ಲಿ ಬರೆದಂತೆ.

ಇದಕ್ಕೆ ಪರಿಹಾರ ಬೈಗುಳವಲ್ಲ. ನಾಯಿಗಳು ಸಂದರ್ಭವನ್ನು ಗುರುತಿಸುವುದರಲ್ಲಿ ನಿಪುಣ. ಕೆಲಸದ ಪಾಠಕ್ಕೆ ಅಗಲವಾದ ಪಟ್ಟಿ, ರಿಂಗಿನ ಪಾಠಕ್ಕೆ ತೆಳ್ಳನೆಯ ಹಗ್ಗ. ಅಲ್ಲಿಗೊಂದು ಮಾತು, ಇಲ್ಲಿಗೆ ಇನ್ನೊಂದು ಮಾತು. ಅಲ್ಲಿ ಬಹುಮಾನ ಚೆಂಡು, ಇಲ್ಲಿ ಲಿವರ್ ಚೂರು. ಬಹುಮಾನವನ್ನು ಮುಖದ ಹತ್ತಿರ ಹಿಡಿಯದೆ ಮುಂದಕ್ಕೆ ಎಸೆದರೆ ನಾಯಿ ನೇರ ನೋಡಲು ಕಲಿಯುತ್ತದೆ. ಕೂತರೆ ಗದರಬಾರದು; ಒಂದು ಹೆಜ್ಜೆ ಮುಂದಿಟ್ಟರೆ ತಾನಾಗಿ ಏಳುತ್ತದೆ, ಎದ್ದಾಗ ಕೊಡಬೇಕು. ಸಮವಸ್ತ್ರ ಹಾಕಿದ ಪೊಲೀಸಪ್ಪನೇ ಮನೆಗೆ ಬಂದು ಲುಂಗಿ ಉಟ್ಟರೆ ಬೇರೆ ಮನುಷ್ಯನಾಗುವಂತೆ ನಾಯಿಯೂ ಎರಡು ವೇಷ ಕಲಿಯಬಲ್ಲುದು.

ಆತುರಪಡಬಾರದ ಇನ್ನೊಂದು ವಿಷಯ ವ್ಯಾಯಾಮ. ದೊಡ್ಡ ತಳಿಗಳ ಮೂಳೆಯ ತುದಿಗಳು ಗಟ್ಟಿಯಾಗಲು ಒಂದು ವರ್ಷಕ್ಕೂ ಹೆಚ್ಚು ಬೇಕು. ಅಲ್ಲಿಯವರೆಗೆ ಸೈಕಲ್ಲಿಗೆ ಕಟ್ಟಿ ಓಡಿಸುವುದು, ಎತ್ತರದಿಂದ ಹಾರಿಸುವುದು ಕೀಲಿಗೆ ಕೇಡು. ಬೇಗ ದಪ್ಪವಾಗಲೆಂದು ತಿನ್ನಿಸುವುದೂ ಹಾಗೆಯೇ. ಒಂಬತ್ತು ತಿಂಗಳಿಗೆ ಜೂನಿಯರ್ ತರಗತಿಯಲ್ಲಿ ನಿಂತ ಕೆಲಸದ ಕವಲಿನ ಮರಿ ಪಕ್ಕದ ತುಂಬಿದೆದೆಯ ಮರಿಯೆದುರು ಕಡ್ಡಿಯಂತೆ ಕಾಣುವುದು ಸಹಜ. ಒಡೆಯನಿಗೆ ಬೇಸರವಾಗುತ್ತದೆ. ಆದರೆ ಅದು ಮೈತುಂಬಿಕೊಳ್ಳಲು ಎರಡು, ಎರಡೂವರೆ ವರ್ಷ ಹಿಡಿಯಬಹುದು. ಕಾಯುವವನಿಗೇ ಈ ಹವ್ಯಾಸ.

ಬಾಲ, ಕಿವಿ ಮತ್ತು ಕಾನೂನು

ನಾಯಿಯ ಬಾಲಕ್ಕೆ ದಬ್ಬೆ ಕಟ್ಟುವ ಗಾದೆ ನಮಗೆಲ್ಲ ಗೊತ್ತು. ಡಾಬರ್‌ಮನ್‌ನ ವಿಷಯದಲ್ಲಿ ಜನ ದಬ್ಬೆ ಕಟ್ಟಲಿಲ್ಲ, ಬಾಲವನ್ನೇ ಕತ್ತರಿಸಿದರು. ಕಿವಿಯನ್ನು ಕತ್ತರಿಸಿ ಪಟ್ಟಿ ಕಟ್ಟಿ ನೆಟ್ಟಗೆ ನಿಲ್ಲಿಸಿದರು. ಸಿನಿಮಾಗಳಲ್ಲಿ ನಾವು ಕಂಡ ಚೂಪುಕಿವಿಯ, ಮೋಟುಬಾಲದ ನಾಯಿ ಹುಟ್ಟಿನಿಂದ ಹಾಗಿರುವುದಿಲ್ಲ. ಕಿವಿ ಜೋಲುತ್ತದೆ, ಬಾಲ ಉದ್ದ. ಕಿವಿ ಕತ್ತರಿಸಿದ ನಾಯಿಗಳನ್ನು ಇಂಗ್ಲೆಂಡಿನ ಕೆನಲ್ ಕ್ಲಬ್ 1898ರಲ್ಲೇ ಸ್ಪರ್ಧೆಯಿಂದ ದೂರವಿಟ್ಟಿತು. ತಳಿಯ ತವರಾದ ಜರ್ಮನಿ 1987ರಲ್ಲಿ ಕಿವಿ ಕತ್ತರಿಸುವುದನ್ನೂ 1998ರಲ್ಲಿ ಬಾಲ ಕತ್ತರಿಸುವುದನ್ನೂ ನಿಷೇಧಿಸಿತು. ಎಫ್‌ಸಿಐ ಲಕ್ಷಣವೂ ಈಗ ಸಹಜ ಕಿವಿ, ಸಹಜ ಬಾಲವನ್ನೇ ಹೇಳುತ್ತದೆ.

ಭಾರತದಲ್ಲಿ 1960ರ ಪ್ರಾಣಿಹಿಂಸೆ ತಡೆ ಕಾಯ್ದೆ ಪ್ರಾಣಿಯ ಅಂಗ ಊನ ಮಾಡುವುದನ್ನು ಅಪರಾಧವೆನ್ನುತ್ತದೆ. 2011ರಲ್ಲಿ ಭಾರತೀಯ ಪಶುವೈದ್ಯ ಪರಿಷತ್ತು ಚಿಕಿತ್ಸೆಯ ಕಾರಣವಿಲ್ಲದೆ ಬಾಲ, ಕಿವಿ ಕತ್ತರಿಸಬಾರದೆಂದು ಪಶುವೈದ್ಯರಿಗೆ ತಿಳಿಸಿದಾಗ ತಳಿಗಾರರ ವಲಯದಲ್ಲಿ ದೊಡ್ಡ ವಿವಾದವೇ ಎದ್ದಿತು. ಗೆಲ್ಲಬೇಕಾದರೆ ಕಿವಿ ನಿಂತಿರಲೇಬೇಕು ಎಂಬ ಮಾತು ಇಂದಿಗೂ ಕೇಳಿಬರುತ್ತದೆ. ಆದರೆ ಹುಟ್ಟಿದ ನೆಲದಲ್ಲೇ ಬಿಟ್ಟ ಪದ್ಧತಿಯನ್ನು ಇಲ್ಲಿ ಸಂಪ್ರದಾಯವೆಂದು ಹಿಡಿದುಕೊಳ್ಳುವುದರಲ್ಲಿ ಅರ್ಥವಿಲ್ಲ. ಮರಿಯ ನೋವಿಗೆ ರಿಬ್ಬನ್ನು ಬೆಲೆಯಾಗದು.

ಕಾಣುವ ಮೈ, ಕಾಣದ ಹೃದಯ

ಪ್ರದರ್ಶನದ ಅತಿ ದೊಡ್ಡ ಮಿತಿ ಬೇರೆಯೇ ಇದೆ. ತೀರ್ಪುಗಾರ ಎದೆಯ ಅಗಲ ನೋಡಬಲ್ಲ, ಎದೆಯೊಳಗಿನದನ್ನು ನೋಡಲಾರ. ಡಾಬರ್‌ಮನ್ ತಳಿಯನ್ನು ಕಾಡುವ ರೋಗ ಹೃದಯದ ಸ್ನಾಯು ಸಡಿಲಗೊಂಡು ಹಿಗ್ಗುವ ಡಿಸಿಎಂ. 2010ರಲ್ಲಿ ಪ್ರಕಟವಾದ ಯೂರೋಪಿನ ಅಧ್ಯಯನವೊಂದರ ಪ್ರಕಾರ ಜೀವಮಾನದಲ್ಲಿ ಶೇ. 58ರಷ್ಟು ಡಾಬರ್‌ಮನ್‌ಗಳು ಇದಕ್ಕೆ ತುತ್ತಾಗುತ್ತವೆ. ಮೇಲ್ನೋಟಕ್ಕೆ ಆರೋಗ್ಯವಾಗಿ ಓಡಾಡುತ್ತಿದ್ದ ನಾಯಿ ಒಂದು ದಿನ ಆಡುತ್ತಿರುವಾಗಲೇ ಬಿದ್ದು ಸಾಯಬಹುದು. ಗೆದ್ದ ಗಂಡುನಾಯಿ ಚಾಂಪಿಯನ್ ಎನಿಸಿಕೊಂಡು ಹತ್ತಾರು ಹೆಣ್ಣುಗಳಿಗೆ ಮರಿ ಕೊಟ್ಟ ಮೇಲೆ ರೋಗ ತೋರಿದರೆ ಮಾಡುವುದೇನು? ಅಷ್ಟರಲ್ಲಿ ರೋಗ ಮುಂದಿನ ತಲೆಮಾರಿಗೆ ದಾಟಿರುತ್ತದೆ.

ಆದ್ದರಿಂದ ಮೂರು ವರ್ಷದ ಹೊತ್ತಿನಿಂದ ವರ್ಷಕ್ಕೊಮ್ಮೆ ಎಕೋ ಪರೀಕ್ಷೆ, ಜತೆಗೆ 24 ಗಂಟೆ ಹೃದಯಬಡಿತ ದಾಖಲಿಸುವ ಹೋಲ್ಟರ್ ಪರೀಕ್ಷೆ ಮಾಡಿಸಬೇಕೆಂದು ತಜ್ಞರು ಹೇಳುತ್ತಾರೆ. ಜರ್ಮನಿಯ ಡಾಬರ್‌ಮನ್ ಸಂಘ ಮರಿ ಪಡೆಯುವ ಮುನ್ನ ಮೈಕಟ್ಟಿನ ಜತೆಗೆ ಸ್ವಭಾವದ ಪರೀಕ್ಷೆಯನ್ನೂ ಪಾಸಾಗಬೇಕೆಂದು ನಿಯಮ ಮಾಡಿತು. ಎಫ್‌ಸಿಐ ಪ್ರದರ್ಶನಗಳ ಕೆಲಸದ ತರಗತಿಗೆ ಸೇರಲು ಕೆಲಸದ ಪ್ರಮಾಣಪತ್ರ ಬೇಕು. ರೂಪ, ಗುಣ, ಆರೋಗ್ಯ ಮೂರನ್ನೂ ಒಂದೇ ತಕ್ಕಡಿಯಲ್ಲಿ ಇಡುವ ಪ್ರಯತ್ನಗಳಿವು. ಮರಿ ಕೊಳ್ಳಲು ಹೋಗುವವರು ಗೋಡೆಯ ಮೇಲಿನ ಕಪ್‌ಗಳನ್ನು ಎಣಿಸುವ ಬದಲು ತಂದೆತಾಯಿಗಳ ಹೃದಯದ ವರದಿ ಕೇಳಿದರೆ ಈ ತಕ್ಕಡಿ ನಮ್ಮ ಊರಿಗೂ ಬಂದೀತು.

ತುಂಗಾ ಕಲಿಸಿದ ಪಾಠ

2024ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ 23 ತಳಿಗಳನ್ನು ಅಪಾಯಕಾರಿ ಎಂದು ಪಟ್ಟಿ ಮಾಡಿ ಸುತ್ತೋಲೆ ಹೊರಡಿಸಿತು. ಮರು ತಿಂಗಳೇ ಕರ್ನಾಟಕ ಹೈಕೋರ್ಟ್ ಅದನ್ನು ರದ್ದುಪಡಿಸಿತು. ಆ ಪಟ್ಟಿಯಲ್ಲಿ ಡಾಬರ್‌ಮನ್ ಇರಲಿಲ್ಲವಾದರೂ ಜನರ ಕಣ್ಣಲ್ಲಿ ಅದೂ ಭಯದ ನಾಯಿಯೇ. ರಸ್ತೆಯಲ್ಲಿ ಅದು ಬಂದರೆ ಎದುರಿನ ಬದಿಗೆ ದಾಟುವವರಿದ್ದಾರೆ.

ಅಂತಹವರಿಗೆ ದಾವಣಗೆರೆ ಪೊಲೀಸ್ ಶ್ವಾನದಳದ ತುಂಗಾಳ ಕತೆ ಹೇಳಬೇಕು. ಈ ಹೆಣ್ಣು ಡಾಬರ್‌ಮನ್ 2019ರ ಜುಲೈಯಲ್ಲಿ ಕೊಲೆಯೊಂದರ ಜಾಡು ಹಿಡಿದು 10 ಕಿ.ಮೀ.ಗೂ ಹೆಚ್ಚು ದೂರ ಓಡಿ ಆರೋಪಿಯಿದ್ದ ಕಡೆಗೆ ಪೊಲೀಸರನ್ನು ಒಯ್ದಿತು. ಹತ್ತಾರು ಕೊಲೆ, ಕಳವು ಪ್ರಕರಣಗಳಲ್ಲಿ ನೆರವಾಗಿ 2022ರ ಆಗಸ್ಟಿನಲ್ಲಿ ತೀರಿಕೊಂಡಿತು. ಅದರ ಹೆಸರನ್ನೇ ಪಡೆದ ತುಂಗಾ-2, 2024ರ ಜುಲೈಯಲ್ಲಿ ಮಳೆಯಲ್ಲೇ ಸುಮಾರು 8 ಕಿ.ಮೀ. ಓಡಿ ಕೊಲೆ ಆರೋಪಿಯನ್ನು ಪತ್ತೆ ಮಾಡಿದ್ದಷ್ಟೇ ಅಲ್ಲ, ಅವನ ಕೈಯಲ್ಲಿ ಹೊಡೆತ ತಿನ್ನುತ್ತಿದ್ದ ಮಹಿಳೆಯ ಜೀವವನ್ನೂ ಉಳಿಸಿತು.

ತುಂಗಾಳನ್ನು ಯಾರೂ ರಿಂಗಿನಲ್ಲಿ ನಿಲ್ಲಿಸಿ ಎತ್ತರ ಅಳೆಯಲಿಲ್ಲ. ಹಾಗೆಂದು ಮೈಕಟ್ಟು ವ್ಯರ್ಥವೂ ಅಲ್ಲ. ಅಷ್ಟು ದೂರ ಓಡಲು ನೆಟ್ಟನೆಯ ಕಾಲು, ಗಟ್ಟಿ ಬೆನ್ನು, ಆಳವಾದ ಎದೆ ಬೇಕೇ ಬೇಕು. ರಿಂಗಿನ ಲಕ್ಷಣಗಳೆಲ್ಲ ಹುಟ್ಟಿದ್ದು ಇಂತಹ ಓಟದ ಅಗತ್ಯದಿಂದಲೇ. ಕಾರಣವನ್ನು ಮರೆತು ಲಕ್ಷಣವನ್ನಷ್ಟೇ ಹಿಡಿದಾಗ ಕೆಡುಕು ಶುರುವಾಗುತ್ತದೆ.

ಹಲಸೂರಿನ ನಮ್ಮ ಯುವಕ ತನ್ನ ನಾಯಿಯನ್ನು ರಿಂಗಿಗೆ ಒಯ್ಯಲಿ. ಗೆದ್ದರೆ ಸಂತೋಷ. ಸೋತರೂ, ಗದ್ದಲದ ನಡುವೆ ಹೆದರದೆ ನಿಲ್ಲುವ, ಅಪರಿಚಿತರ ಕೈಗೆ ಶಾಂತವಾಗಿ ಬಾಯಿ ಕೊಡುವ ನಾಯಿ ಅವನ ಜತೆ ಮನೆಗೆ ಮರಳುತ್ತದೆ. ಇಕ್ಕಟ್ಟಾದ ಓಣಿಗಳ ಈ ಊರಿನಲ್ಲಿ ಅಕ್ಕಪಕ್ಕದವರಿಗೆ ಬೇಕಾದದ್ದು ಅಂತಹ ನಾಯಿಯೇ. ಮನೆಗೆ ಹೋಗುವ ದಾರಿಯಲ್ಲಿ ಬಿಡುವಿದ್ದರೆ ಅವನು ಕಸ್ತೂರಬಾ ರಸ್ತೆಯ ಕಡೆಗೂ ಒಮ್ಮೆ ತಿರುಗಲಿ. ಸಾವಿರ ವರ್ಷಗಳ ಹಿಂದೆ ಈ ನಾಡಿನ ಜನ ನಾಯಿಯೊಂದಕ್ಕೆ ಕೊಟ್ಟ ಬಹುಮಾನದ ಕಲ್ಲು ಅಲ್ಲಿನ ಸಂಗ್ರಹದಲ್ಲಿದೆ.